ನಡು ತುಂಡು

ಬಾಳೆಲೆಯ ಮೇಲೆ ಅನ್ನ ಬಡಿಸಿದ ಜಯಕರನ ಕೈ ಅಲ್ಲೇ ನಿಂತಿತು.

"ಇನ್ನು ಸುಗುಣಾಗೆ ಇಷ್ಟದ್ದು ಹಾಕು," ಎಂದರು ಅಣ್ಣ ಲೀಲಾಧರ. ಬೆಳಗ್ಗೆ ಜಯಕರನ ಹೆಂಡತಿ ಸುಗುಣಾಳ ದಹನ ಮುಗಿದಿತ್ತು. ಹದಿಮೂರನೆಯ ದಿನದ ಉತ್ತರಕ್ರಿಯೆಗೆ, ಊರಿನ ಮಾತಲ್ಲಿ ಬೊಜ್ಜಕ್ಕೆ, ಅಮೆರಿಕದಲ್ಲಿ ಮತ್ತೆ ಎಲ್ಲರಿಗೂ ರಜೆ ಸಿಗುವುದಿಲ್ಲವೆಂದು, ಸತ್ತವರಿಗೆ ಬಡಿಸುವ ಎಲೆಯನ್ನೂ ಅಂದೇ ಹಾಕಿದ್ದರು.

"ಬಿಸ್ಕುಟ್ ರೊಟ್ಟಿ?" ಮಗಳು ಸ್ನೇಹಲತಾ ಕೇಳಿದಳು.

"ಅದು ನಿನಗಿಷ್ಟ ಅಂತ ಮಾಡ್ತಿದ್ದದ್ದು."

"ದೆನ್, ಬಂಗುಡೆ ಮೀನಿನ ಗಸಿ?"

"ಅದು ನನಗೆ." ಜಯಕರ ಸೌಟು ಕೆಳಗಿಟ್ಟ. "ಅವಳು ಕಡೆಗೆ ಕೂತು ಉಳಿದದ್ದು ತಿಂತಿದ್ದಳು. ಯಾವುದು ಇಷ್ಟ ಅಂತ ನಾನು ಕೇಳಲೇ ಇಲ್ಲ."

"ಎಂತ ಮಾರಾಯ, ಇಷ್ಟು ವರ್ಷ ಸಂಸಾರ ಮಾಡಿ! ಇಷ್ಟದ್ದಿಲ್ಲದೆ ಎಲೆ ಪೂರ್ತಿಯಾಗುವುದಿಲ್ಲ."

ಸಿಂಕಿನ ಹತ್ತಿರ ಪಾತ್ರೆ ಒರೆಸುತ್ತಿದ್ದ ಸುಗುಣಾಳ ಗೆಳತಿ ರಮಾ ತಿರುಗಿದಳು. "ನಂಗೊತ್ತು ಜಯಕರಣ್ಣ. ಸುಶಿ."

"ಹಸಿ ಮೀನಾ? ನಮ್ಮ ಸುಗುಣಾನಾ?" ಲೀಲಾಧರ ಕಣ್ಣರಳಿಸಿದರು.

"ಹಸಿಯಲ್ಲ. ಉಪ್ಪು, ವಿನೆಗರಲ್ಲಿ ನೆನೆಸಿದ ಬಂಗುಡೆ. ನಾನು ಸೌತೆಕಾಯಿದು ತಿಂತಾ ಪಕ್ಕದಲ್ಲೇ ಕೂತಿರ್ತಿದ್ದೆ."

*

ಅದು ಸ್ಯಾನ್ ಹೋಸೆಯ ಜಪಾನ್‌ಟೌನಿನಲ್ಲಿ, ಎರಡನೆಯ ಮಹಾಯುದ್ಧಕ್ಕೂ ಮೊದಲಿನ ಪುಟ್ಟ ಹೋಟೆಲು. ಕೆಲವು ವರ್ಷಗಳ ಹಿಂದೆ, ೧೯೮೪ರಲ್ಲಿ, ಗ್ರೋಸರಿಗೆ ಹೊರಟ ಸುಗುಣಾ, ರಮಾ ಇಬ್ಬರೂ ಕುತೂಹಲಕ್ಕೆ ಒಳಹೊಕ್ಕಿದ್ದರು. ಮುದುಕ ಬಾಣಸಿಗ ಮರದ ಪೆಟ್ಟಿಗೆಯಲ್ಲಿ ಅನ್ನ ತುಂಬಿ, ಮೇಲೆ ಬಂಗುಡೆ ಹಾಸಿ, ಮುಚ್ಚಳವನ್ನು ಮೈಭಾರ ಹಾಕಿ ಒತ್ತಿದ. ಕತ್ತರಿಸಿದಾಗ ಸುಗುಣಾಳ ಕೈ ಅಭ್ಯಾಸಬಲದಿಂದ ಸೊಟ್ಟಗಿದ್ದ ತುದಿಯ ತುಂಡಿಗೆ ಹೋಯಿತು. ಮುದುಕ ತಲೆಯಾಡಿಸಿ ಅದನ್ನೆತ್ತಿ ತನ್ನ ಬಾಯಿಗೇ ಹಾಕಿಕೊಂಡ. ನಡುವಿನದನ್ನು ಅವಳ ಮುಂದೆ ಸರಿಸಿ, ತಿನ್ನುವವರೆಗೂ ನೋಡುತ್ತ ನಿಂತ.

"ರಮಾ, ನಡು ತುಂಡಿಗೆ ಇಷ್ಟು ರುಚಿ ಇರ್ತದಾ?"

"ಮನೇಲಿ ಮೀನಿನ ನಡು ತುಂಡು ತಿಂದಿಲ್ವೇನೆ?"

"ಅದು ಇವರಿಗೂ ಮಗಳಿಗೂ. ನೀನು ಹೇಳಬೇಡ ಮಾರಾಯ್ತಿ. ಗೊತ್ತಾದ್ರೆ ಇವರು ನನ್ನ ಬಟ್ಟಲಿಗೇ ಹಾಕ್ತಾರೆ. ಮತ್ತೆ ಇವರ ಊಟ ಕೆಡ್ತದೆ."

*

ಎಲೆಗೆ ಪಾತ್ರೆ ಮುಚ್ಚಿಟ್ಟು ಜಯಕರ, ಸ್ನೇಹಲತಾ, ರಮಾ ಮೂವರೂ ಫ್ರೀವೇ ಹಿಡಿದು ಆ ಹೋಟೆಲಿಗೆ ಹೋದರು. ರಮಾಳ ಪಕ್ಕದಲ್ಲಿ ಸುಗುಣಾಳನ್ನು ಕಾಣದೆ ಮುದುಕ ಬಾಗಿಲ ಕಡೆ ನೋಡಿದ. ರಮಾ ವಿಷಯ ಹೇಳಿದಳು. ಅವನು ಕೈ ತೊಳೆದುಕೊಂಡು ಪೆಟ್ಟಿಗೆ ತೆಗೆದ. ಒತ್ತಿದ ಮುಚ್ಚಳದ ಮೇಲೆ ಅವನ ಕೈ ಎಂದಿಗಿಂತ ಹೆಚ್ಚು ಹೊತ್ತು ಇತ್ತು. ಜಯಕರ ಕಣ್ಣು ಕೀಳದೆ ನೋಡಿದ.

ಮನೆಗೆ ಬಂದು ಜಯಕರನೇ ಪೊಟ್ಟಣ ಬಿಚ್ಚಿ, ನಡುವಿನ ತುಂಡುಗಳನ್ನು ಒಂದೊಂದಾಗಿ ಎಲೆಯ ಮೇಲಿಟ್ಟ.

"ಪಪ್ಪಾ, ವಾಟ್ ಅಬೌಟ್ ದೀಸ್?" ಸ್ನೇಹಲತಾ ಎರಡು ತುದಿಗಳನ್ನು ತೋರಿಸಿದಳು.

"ಅದು ನನಗಿರಲಿ."

"ಇನ್ನು ಬಾಗಿಲು ಹಾಕಿ," ಎಂದರು ಲೀಲಾಧರ. "ಅವಳು ಉಣ್ಣಲಿ."

ಎಲ್ಲರೂ ಅಪಾರ್ಟ್‌ಮೆಂಟಿನ ಹೊರಗಿನ ಕಾರಿಡಾರಿಗೆ ಬಂದರು. ಜಯಕರನ ಕೈಯಲ್ಲಿ ಕಾಗದದ ತಟ್ಟೆ, ಅದರಲ್ಲಿ ಆ ಎರಡು ತುದಿಗಳು.

"ತಿನ್ನೋ, ಬೆಳಗ್ಗಿಂದ ಏನೂ ತಿಂದಿಲ್ಲ ನೀನು," ಎಂದರು ಅಣ್ಣ.

"ಮೊದಲು ಅವಳ ಊಟ ಆಗಲಿ," ಎಂದು ಜಯಕರ ಮುಚ್ಚಿದ ಬಾಗಿಲಿಗೆ ಮುಖ ಮಾಡಿ, ತಟ್ಟೆ ಹಿಡಿದು ನಿಂತ.