ಒಂದು ಬಂಗುಡೆಯೂ ಬೀಳದ ಇಳಿಜಾರು

ಕೋಡಿಂಬಾಳದ ರಬ್ಬರ್ ಗುಡ್ಡದ ತುದಿಯಿಂದ ಕೆಳಗಿನ ಶಾಲೆಯ ಮೈದಾನಕ್ಕೆ ನಾನು ಸೈಕಲಲ್ಲಿ ನಾಲ್ಕೇ ನಿಮಿಷದಲ್ಲಿ ಇಳಿದಿದ್ದೇನೆ. ಹಿಂದೆ ಇಪ್ಪತ್ತು ಕಿಲೋ ಬಂಗುಡೆ ಮೀನಿನ ಪೆಟ್ಟಿಗೆ. ಬ್ರೇಕ್ ತುಂಡಾಗಿತ್ತು. ಎದುರು ಬಂದ ಕಾಡುಹಂದಿ ನನ್ನ ವೇಗ ಕಂಡು ಬದಿಗೆ ನಿಂತು ಸೈಡ್ ಕೊಟ್ಟಿತು. ಒಂದು ಬಂಗುಡೆಯೂ ಬೀಳಲಿಲ್ಲ.

ಮೀನು ಮಾರಲು ಹೋದ ಪ್ರತಿ ಮನೆಯ ಗೇಟಿನಲ್ಲೂ ಆರು ವರ್ಷದಿಂದ ಇದನ್ನು ಹೇಳಿದ್ದೇನೆ. ಎಲ್ಲರೂ ನಗುತ್ತಾರೆ, ಮೀನು ತೆಗೆದುಕೊಳ್ಳುತ್ತಾರೆ, ನಂಬುವುದಿಲ್ಲ. ಊರಿಗೆಲ್ಲ ಅಕ್ಕನಾದ ಅಗ್ನಸ್ ಚೇಚಿಯಂತೂ ಪಾತ್ರೆ ಹಿಡಿದುಕೊಂಡು ಬರುವಾಗಲೇ ಕೇಳುತ್ತಾರೆ, "ಎಂತ ಕಬೀರಾ, ಇವತ್ತು ಹಂದಿ ಸಿಗ್ಲಿಲ್ವಾ ದಾರಿಯಲ್ಲಿ?"

"ಜೋಮೋನನ ಹತ್ರ ಕೇಳಿ ಚೇಚಿ. ಅವ ಕಣ್ಣಾರೆ ನೋಡಿದ್ದಾನೆ."

ಅಲ್ಲಿಗೆ ಅವರ ಬಾಯಿ ಮುಚ್ಚುತ್ತಿತ್ತು. ಜೋಮೋನ್ ಆ ಗುಡ್ಡದಲ್ಲಿ ಮರ ಕೆತ್ತಿ ಹಾಲು ತೆಗೆಯುವ ರಬ್ಬರ್ ಟ್ಯಾಪಿಂಗ್ ಮಾಡುವವನು, ನನ್ನ ದೋಸ್ತಿ. ದಿನಕ್ಕೆ ಹತ್ತು ಮಾತು ಆಡಿದರೆ ಹತ್ತೂ ಸತ್ಯ ಎಂದು ಊರೇ ಹೇಳುತ್ತದೆ. ಯಾರು ಕೇಳಿದರೂ ಅವನು, "ಹೌದು, ಒಂದೂ ಬೀಳ್ಲಿಲ್ಲ" ಎಂದು ಹೇಳಿ ತನ್ನ ಕೆಲಸಕ್ಕೆ ಹೋಗುತ್ತಿದ್ದ.

ಹೀಗಿರುವಾಗ ಯುವಕ ಮಂಡಲದವರು ಅದೇ ಗುಡ್ಡದಲ್ಲಿ ಸೈಕಲ್ ರೇಸ್ ಇಟ್ಟರು. ತುದಿಯಿಂದ ಒಬ್ಬೊಬ್ಬರನ್ನೇ ಬಿಡುವುದು, ಮೈದಾನದಲ್ಲಿ ಸಮಯ ನೋಡುವುದು. ಗೆದ್ದವನಿಗೆ ಗೇರ್ ಇರುವ ಹೊಸ ಸೈಕಲ್. ನನಗೆ ಸೈಕಲ್ ಬೇಡ, ಮೀನಿಗೆ ಸ್ಕೂಟರ್ ಉಂಟು. ಒಂದು ಸಲ, ಒಂದೇ ಒಂದು ಸಲ, ಊರಿನವರು ನಗದೆ ನನ್ನ ಮಾತು ನಂಬಬೇಕು. ಅಷ್ಟಕ್ಕೇ ಹೆಸರು ಕೊಟ್ಟೆ. ಕಬಕದ ಗುಜರಿಯಿಂದ ಒಂದು ಹಳೆ ಸೈಕಲ್ ತಂದೆ. ಅದಕ್ಕೆ ಎಣ್ಣೆ ಹಾಕಿದ್ದು ಎಷ್ಟೆಂದರೆ, ನಿಲ್ಲಿಸಿದಲ್ಲಿಂದ ಅದೇ ಮುಂದೆ ಹೋಗುತ್ತಿತ್ತು.

ಗುಡ್ಡದ ನಡುವೆ ಗೇರು ಮರಗಳ ಕಡೆಗೆ ಒಂದು ಅಡ್ಡದಾರಿ ಉಂಟು. ಅದರಲ್ಲಿ ಬಂದರೆ ಅರ್ಧ ನಿಮಿಷ ಉಳಿಯುತ್ತದೆ. ಹಾಗೆ ಯಾರೂ ಮೋಸ ಮಾಡಬಾರದೆಂದು ರೆಫ್ರಿ ಪದ್ಮಯ್ಯ ಮಾಸ್ಟ್ರು ಒಂದು ಉಪಾಯ ಮಾಡಿದ್ದರು. ಸರಿಯಾದ ದಾರಿಯ ತಿರುವಿನಲ್ಲಿ ಜೋಮೋನ್ ರಬ್ಬರ್ ಹಾಲು ತುಂಬಿದ ತೆಂಗಿನ ಗೆರಟೆ ಹಿಡಿದು ನಿಲ್ಲುವುದು, ಬಂದವರ ಎಡಗೈಗೆ ಒಂದು ಪಟ್ಟೆ ಬಳಿಯುವುದು. ರಬ್ಬರ್ ಹಾಲು ಒಣಗಿದರೆ ಬೆವರಿಗೂ ಹೋಗುವುದಿಲ್ಲ, ನೀರಿಗೂ ಹೋಗುವುದಿಲ್ಲ. ಕಿತ್ತರೆ ಕೈಯ ರೋಮವೂ ಜೊತೆಗೇ ಬರುತ್ತದೆ. ಗುರುತು ಇಲ್ಲದವನು ಅಡ್ಡದಾರಿಯಲ್ಲಿ ಬಂದವನು.

ಕ್ರಿಸ್ಮಸ್ ಕಳೆದ ಭಾನುವಾರ ಮಧ್ಯಾಹ್ನ. ಸುಳ್ಯ, ಪುತ್ತೂರಿನಿಂದಲೂ ಹುಡುಗರು ಬಂದಿದ್ದರು, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕಿಕೊಂಡು. ನನ್ನದು ಸ್ಕೂಟರಿನ ಹೆಲ್ಮೆಟ್. ನನ್ನ ಮೊದಲು ಇಳಿದವನು ಸಣ್ಣಿ, ಜೋಮೋನನ ಹೆಂಡತಿ ಸೋಣಿಯಾಳ ತಮ್ಮ.

ಸೀಟಿ ಊದಿದರು. ನಾನು ಇಳಿದದ್ದಲ್ಲ, ಬಿದ್ದದ್ದು! ರಬ್ಬರ್ ಸಾಲಿನ ಮೆಟ್ಟಿಲು ಮೆಟ್ಟಿಲು ನೆಲದಲ್ಲಿ ಸೈಕಲ್ ಹಾರಿದಾಗ ನನ್ನ ನೆರಳು ಹಿಂದೆ ಉಳಿದು, ಏದುಸಿರು ಬಿಡುತ್ತಾ ಓಡಿ ಬಂತು. ತಿರುವಿನಲ್ಲಿ ವೇಗ ಕಡಿಮೆ ಮಾಡಿ ಎಡಗೈ ಚಾಚಿದೆ. ಕಲ್ಲಿನ ಮೇಲೆ ಎರಡು ಗೆರಟೆ ಇದ್ದದ್ದು ಕಂಡಿತು. ಜೋಮೋನ್ ಒಂದರಲ್ಲಿ ಬೆರಳು ಅದ್ದಿ ನನ್ನ ಕೈಗೆ ಬಿಳಿ ಪಟ್ಟೆ ಎಳೆದ.

"ಹೋಗು ಹೋಗು!" ಎಂದ.

ಮೈದಾನಕ್ಕೆ ಬಂದಾಗ ಮಾಸ್ಟ್ರ ವಾಚಿನಲ್ಲಿ ನಾಲ್ಕು ನಿಮಿಷ ಹನ್ನೊಂದು ಸೆಕೆಂಡ್. ಸಣ್ಣಿಯದು ನಾಲ್ಕು ಮೂವತ್ತೆರಡು. ಅದುವರೆಗೆ ಇಳಿದ ಉಳಿದವರು ಐದರ ಆಚೆ. ಅಗ್ನಸ್ ಚೇಚಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೇವರಾಣೆ, ಅವರು ನಗುತ್ತಿರಲಿಲ್ಲ.

"ಕೈ ತೋರಿಸು ಕಬೀರಾ" ಎಂದರು ಮಾಸ್ಟ್ರು.

ತೋರಿಸಿದೆ. ಬೆವರು ಇತ್ತು, ಧೂಳು ಇತ್ತು. ಪಟ್ಟೆ ಇರಲಿಲ್ಲ.

"ಇತ್ತು ಮಾಸ್ಟ್ರೇ! ಅವ ಬಳಿದಿದ್ದಾನೆ!"

"ರಬ್ಬರ್ ಹಾಲು ಎಲ್ಲಿಗೆ ಹೋಗ್ತದೆ ಮಾರಾಯ? ಹಾರಿ ಹೋಯ್ತಾ?"

"ಹಂದಿ ನೆಕ್ಕಿರ್ಬೇಕು!" ಎಂದ ಹಿಂದಿನಿಂದ ಯಾರೋ. ಇಡೀ ಮೈದಾನ ನಕ್ಕಿತು. ನಾನೂ ನಕ್ಕೆ. ನನಗೆ ಎಂತ ಹೆದರಿಕೆ?

"ಜೋಮೋನನ ಹತ್ರ ಕೇಳಿ" ಎಂದೆ.

ಎಲ್ಲರೂ ಕಾದರು. ಕೊನೆಯ ಸವಾರ ಇಳಿದ ಮೇಲೆ ಜೋಮೋನ್ ನಡೆದುಕೊಂಡು ಬಂದ. ಮಾಸ್ಟ್ರು ಕೇಳಿದರು, "ಕಬೀರ ನಿನ್ನ ಎದುರಿಂದ ಹೋದನಾ?"

ಅವನು ನನ್ನನ್ನು ನೋಡಲಿಲ್ಲ. ನನ್ನ ಸೈಕಲಿನ ಚಕ್ರ ನೋಡಿದ.

"ಇಲ್ಲ ಮಾಸ್ಟ್ರೇ. ನನಗೆ ಕಾಣ್ಲಿಲ್ಲ."

ಮಾಸ್ಟ್ರು ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಗೀಟು ಎಳೆದರು. ಮಂಡಲದ ಹುಡುಗರು ಸಣ್ಣಿಯನ್ನು ಹೆಗಲ ಮೇಲೆ ಹೊತ್ತರು. ಸುಳ್ಯದ ಹುಡುಗರು ಕೈಯ ಪಟ್ಟೆ ಕಿತ್ತುಕೊಂಡು "ಅಯ್ಯೋ ಅಮ್ಮಾ" ಎಂದು ಕಿರುಚುತ್ತಿದ್ದರು. ನನ್ನ ಕೈಯ ಒಂದು ರೋಮವೂ ಅಲುಗಿರಲಿಲ್ಲ. ಮೂಸಿದೆ. ಹುಳಿ ವಾಸನೆ. ನಾಲಿಗೆ ತಾಗಿಸಿದೆ. ಉಪ್ಪು, ಹಸಿಮೆಣಸು, ಶುಂಠಿ.

ಮಜ್ಜಿಗೆ.

ಶಾಲೆಯ ಹಿಂದೆ, ನೀರಿನ ನಳ್ಳಿಯ ಹತ್ತಿರ, ಜೋಮೋನ್ ಗೆರಟೆ ತೊಳೆಯುತ್ತಿದ್ದ.

"ಎರಡನೇ ಗೆರಟೆ ಮನೆಯಿಂದಲೇ ತಂದದ್ದಾ?" ಎಂದೆ.

ಅವನು ತೊಳೆಯುವುದು ನಿಲ್ಲಿಸಲಿಲ್ಲ. "ಸಣ್ಣಿ ಇಷ್ಟರವರೆಗೆ ಒಂದರಲ್ಲೂ ಗೆದ್ದವನಲ್ಲ ಮಾರಾಯ. ಸೋಣಿಯಾ ತುಂಬಾ ಹೇಳಿದ್ಳು."

"ಮತ್ತೆ ನಾನು?"

"ನಿನಗೆ ಎಂತ ನಷ್ಟ ಕಬೀರಾ? ನೀನು ಸೋತರೂ ಗೆದ್ದೆ ಅಂತಲೇ ಹೇಳುದು, ಜನ ನಗುದು. ನಾಳೆಯೂ ಹಾಗೇ ಹೇಳು. ಸಣ್ಣಿಗೆ ಹಾಗೆಲ್ಲ ಹೇಳ್ಲಿಕ್ಕೆ ಬರುದಿಲ್ಲ."

ನಾನು ಸೈಕಲ್ ದೂಡಿಕೊಂಡು ಹೊರಟೆ.

ಈಗ ಒಂದು ವಿಷಯ ಹೇಳುತ್ತೇನೆ. ಆರು ವರ್ಷದ ಹಿಂದೆ ಆ ಇಳಿಜಾರಿನಲ್ಲಿ ಎಂಟು ಬಂಗುಡೆ ಬಿದ್ದಿತ್ತು. ಹಂದಿ ಇರಲಿಲ್ಲ. ಜೋಮೋನ್ ಟ್ಯಾಪಿಂಗ್ ಕತ್ತಿ ಬದಿಗಿಟ್ಟು, ಎಂಟನ್ನೂ ಹೆಕ್ಕಿ, ತೊರೆಯಲ್ಲಿ ತೊಳೆದು ಪೆಟ್ಟಿಗೆಗೆ ಹಾಕಿಕೊಟ್ಟಿದ್ದ. "ಒಂದೂ ಬೀಳ್ಲಿಲ್ಲ ಅಂತ ಹೇಳುವ" ಎಂದು ಅವನೇ ನಕ್ಕಿದ್ದ. ಅವನು ನನಗಾಗಿ ಹೇಳಿದ ಒಂದೇ ಸುಳ್ಳು ಅದು. ಅದರ ಮೇಲೆ ಆರು ವರ್ಷ ರಾಜನ ಹಾಗೆ ತಿರುಗಿದ್ದೆ.

ಮರುದಿನ ಅಗ್ನಸ್ ಚೇಚಿಯ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿದೆ. ಅವರು ಪಾತ್ರೆ ತಂದರು.

"ಎಂತ ಕಬೀರಾ, ಅವತ್ತು ಒಂದು ಬಂಗುಡೆಯೂ ಬೀಳ್ಲಿಲ್ಲ ಅಲ್ವಾ?"

"ಎಂಟು ಬಿದ್ದಿತ್ತು ಚೇಚಿ. ಜೋಮೋನ್ ಹೆಕ್ಕಿ ಕೊಟ್ಟದ್ದು. ಬೀಳ್ಲಿಲ್ಲ ಅಂತ ನಾವಿಬ್ಬರೂ ಸೇರಿ ಸುಳ್ಳು ಹೇಳಿದ್ದು."

ಅವರ ಮುಖದ ನಗು ಹೋಯಿತು.

"ನನ್ನ ಹತ್ರ ಬೇಕಾದ್ದು ಹೇಳು. ಆದರೆ ಆ ಪಾಪದವನ ಮೇಲೆ ಯಾಕೆ ಸುಳ್ಳು ಹಾಕುದು? ಜೋಮೋನ್ ಸುಳ್ಳು ಹೇಳುವ ಜನವಾ?"

ನಾನು ಅರ್ಧ ಕಿಲೋ ತೂಗಿ ಕೊಟ್ಟೆ.