ಇನ್ನೊಂದು ತುದಿ

ಬೂದಿಗೂ ಇಷ್ಟೊಂದು ಕಾವು, ಮುಖಕ್ಕೆ ಬಡಿಯುತ್ತದೆ, ಉಕ್ಕಿನ ಹಲಗೆಯ ಮೇಲೆ ಅತ್ತೆ ಈಗ ಇಷ್ಟೇ, ಬಿಳಿ ಮೂಳೆಯ ಚೂರುಗಳು, ಯಾವುದು ಎಲ್ಲಿಯದೆಂದು ರೂಜುಗೆ ಗೊತ್ತು, ಹಾಸಿಗೆ ಹಿಡಿದ ಆ ಮೈಯನ್ನು ದಿನಾ ಹೊರಳಿಸಿ ತೊಳೆದವಳು ಅವಳೇ, ಆದರೆ ಮೂಳೆ ಎತ್ತುವ ಬಿದಿರುಕಡ್ಡಿಗಳನ್ನು ಹಂಚುತ್ತ ಬಂದ ಚಿತಾಗಾರದವನು ಅವಳನ್ನು ಬಿಟ್ಟು ಗಂಡನ ಅಕ್ಕನ ಮುಖ ನೋಡಿದ, ಇವರೂ ಮನೆಯವರಾ? ಆ ಅಕ್ಕ ಫುಮಿಯೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಬಿಡಿ, ಅವಳ ದೇಶದಲ್ಲಿ ಹೂಳ್ತಾರೆ, ಇದನ್ನೆಲ್ಲ ಕಂಡ್ರೆ ಹೆದರ್ತಾಳೆ ಪಾಪ — ಪಾಪ, ಜಪಾನಿನ ಈ ಹಿಮದೂರಿಗೆ ಮದುವೆಯಾಗಿ ಬಂದ ದಿನವೂ ಇದೇ, ಫಿಲಿಪೀನ್ಸ್‌ನವಳಂತೆ, ಚಳಿ ತಡೀತಾಳೋ ಇಲ್ವೋ ಪಾಪ, ಲೂಜ್ವಿಮಿಂಡಾ ಎಂಬ ಹೆಸರು ಯಾರ ನಾಲಿಗೆಗೂ ಹತ್ತದೆ ರೂಜು ಆಯಿತು, ಅವಳ ಮಗಳು ಇಲ್ಲೇ ಹುಟ್ಟಿ, ಓದಿ, ಮದುವೆಯಾಗಿ ಹೋದಳು, ಪಕ್ಕದ ಮನೆಯವಳು ಇಂದಿಗೂ, ಎಷ್ಟು ಚೆನ್ನಾಗಿ ಜಪಾನಿ ಮಾತಾಡ್ತೀರಿ, ಯಾವಾಗ ವಾಪಸ್ ಹೋಗೋದು — ಅತ್ತೆಯೇನು ಕಡಿಮೆಯೇ, ಸೊಸೆಯ ಚಹದ ಬಟ್ಟಲನ್ನು ಬೇರೆ ಗೂಡಿನಲ್ಲಿ ಇಡಿಸಿದವಳು, ನಿನ್ನ ಮಿಸೊ ಸಾರು ನಾರುತ್ತೆ ಎಂದು ಮೋರಿಗೆ ಸುರಿದವಳು, ಆಮೇಲೆ ಬಾಯಿ ಸೊಟ್ಟಗಾಗಿ ಮಲಗಿದಾಗ ಫುಮಿಯೆ ಕೊಟ್ಟ ಗಂಜಿಯನ್ನು ಅವಳ ಮುಖಕ್ಕೇ ಉಗಿದು, ರೂಜು ಎಲ್ಲಿ, ರೂಜುನ ಕರೀರಿ, ಹಸಿವೇ ಕೂಗಿಸಿರಬಹುದು, ಆದರೂ ಕೂಗಿದ್ದು ಸೊಸೆಯ ಹೆಸರನ್ನು, ಫುಮಿಯೆ ಅದನ್ನು ಮರೆತಿಲ್ಲ, ಇವತ್ತು ತೀರಿಸಿಕೊಳ್ಳುತ್ತಿದ್ದಾಳೆ — ಮನೆಯವರು ಇಬ್ಬರಿಬ್ಬರಾಗಿ ಹಲಗೆಯ ಬಳಿ ಹೋಗುತ್ತಿದ್ದಾರೆ, ಒಂದೇ ಮೂಳೆಯನ್ನು ಇಬ್ಬರೂ ಕಡ್ಡಿಗಳಲ್ಲಿ ಹಿಡಿದೆತ್ತಿ ಕುಡಿಕೆಯಲ್ಲಿ ಇಡಬೇಕು, ಒಬ್ಬರೇ ಎತ್ತುವ ಹಾಗಿಲ್ಲ, ಗಂಡ ಶಿಗೆಕಿ ಅಕ್ಕ ಫುಮಿಯೆಯ ಜೊತೆ, ಎಂದೂ ಬಂದು ನೋಡದ ಚಿಕ್ಕಪ್ಪ ಚಿಕ್ಕಮ್ಮನ ಜೊತೆ, ರೂಜು ಇದನ್ನ ಸ್ವಲ್ಪ ಹಿಡ್ಕೊ, ಯಾರದೋ ಕೋಟು ತೋಳಿನ ಮೇಲೆ ಬಿತ್ತು, ಮತ್ತೊಂದು, ಇನ್ನೊಂದು, ಗೋಡೆಯ ಗೂಟಕ್ಕೂ ಇಷ್ಟು ಭಾರ ಹಾಕುವುದಿಲ್ಲ, ಕೋಟುಗಳು ಜಾರಿದವು, ಇಲ್ಲ, ಅವಳೇ ಬಿಟ್ಟಳು, ಚಿಕ್ಕಮ್ಮನದನ್ನು ತುಳಿದುಕೊಂಡೇ ನಡೆದಳು, ಚಿತಾಗಾರದವನ ತಟ್ಟೆಯಲ್ಲಿ ಉಳಿದಿದ್ದ ಕಡ್ಡಿಗಳನ್ನು ತಗೊಂಡಳು, ಫುಮಿಯೆಯ ನಗು ನಿಂತಿತು, ಶಿಗೆಕಿ ಹಲ್ಲು ಕಚ್ಚಿ, ಸುಮ್ನಿರೇ, ಎಲ್ರೂ ನೋಡ್ತಿದ್ದಾರೆ, ನೋಡಲಿ, ಒಂದು ಚೂರನ್ನು ಮೆಲ್ಲಗೆ ಹಿಡಿದೆತ್ತಿದಳು, ಎಷ್ಟು ಹಗುರ, ರೀ, ಇನ್ನೊಂದು ತುದಿ ಹಿಡೀರಿ, ಗಂಡ ಅಕ್ಕನ ಕಡೆ ನೋಡಿದ, ನೆಲ ನೋಡಿದ, ಅವನ ಕಡ್ಡಿಗಳು ಕೆಳಗೇ ಇವೆ, ರೀ, ಯಾರೂ ಅಲುಗುತ್ತಿಲ್ಲ, ಬೀಳಿಸಬಾರದು, ಬೀಳಿಸಿದರೆ ಇವರು ಗೆದ್ದರು, ಈ ತುದಿಯಲ್ಲಿ ಅವಳು, ನಡುವೆ ಅತ್ತೆ, ಇನ್ನೊಂದು ತುದಿ, ಬರೀ ಗಾಳಿ, ಇನ್ನೊಂದು ತುದಿ —