ಒಡೆಯದ ಈಡುಗಾಯಿ

ಸಿಂಗಮ್ಮನಕೆರೆಯಲ್ಲಿ ಸರ್ಕಾರಿ ದೋಣಿಯ ಉದ್ಘಾಟನೆ ನಡೆದದ್ದು ಸೆಪ್ಟೆಂಬರ್ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ. ದೋಣಿ ಚಲಿಸಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಚಲಿಸಿತು ಎಂದು ಬಂತು. ಚಿತ್ರದಲ್ಲಿ ದೋಣಿ ದಡದಿಂದ ಇಪ್ಪತ್ತು ಅಡಿ ಆಚೆಗಿತ್ತು. ಆ ಇಪ್ಪತ್ತು ಅಡಿ ಅದನ್ನು ತಳ್ಳಿದ್ದು ಗಾಳಿ.

ಆರು ಜನ ಕೂರುವ ಫೈಬರ್ ದೋಣಿ ಅದು. ಹಿಂಬದಿಗೆ ಐದು ಅಶ್ವಶಕ್ತಿಯ ಪೆಟ್ರೋಲ್ ಮೋಟರು. ಶ್ರವಣಬೆಳಗೊಳಕ್ಕೆ ಬಂದವರು ಜಿನನಾಥಪುರದ ಬಸದಿಯನ್ನೂ ನೋಡಿಕೊಂಡು, ಅಲ್ಲಿಂದ ಹಿರೀಸಾವೆ ಕಡೆಯ ಈ ಕೆರೆಗೆ ಬಂದು ದೋಣಿ ಹತ್ತುತ್ತಾರೆ ಎಂದು ಯೋಜನಾ ವರದಿಯ ನಾಲ್ಕನೇ ಪುಟದಲ್ಲಿತ್ತು. ಏಕೆ ಬರುತ್ತಾರೆ ಎಂಬುದು ಯಾವ ಪುಟದಲ್ಲೂ ಇರಲಿಲ್ಲ.

ಚಾಲಕ ಮಂಚಯ್ಯನಿಗೆ ನಲವತ್ತೊಂದು ವರ್ಷ. ಹದಿನೆಂಟು ವರ್ಷ ಇದೇ ಕೆರೆಯಲ್ಲಿ ತೆಪ್ಪದ ಮೇಲೆ ಕೂತು ಮೀನು ಹಿಡಿದವನು. ಬಲೆ ಇರುವ ನೀರಿನಲ್ಲಿ ಮೋಟರು ಓಡಿಸುವಂತಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಪಂಚಾಯಿತಿಯವರು ಹೇಳಿದಾಗ ಮೀನು ಹಿಡಿಯುವ ಪರವಾನಗಿಯನ್ನು ಹಿಂದಿರುಗಿಸಿ ಮೋಟರನ್ನು ಆರಿಸಿಕೊಂಡಿದ್ದ. ಮೂರು ದಿನ ತರಬೇತಿಯೂ ಆಗಿತ್ತು. ಅದರಲ್ಲಿ ಎರಡೂವರೆ ದಿನ ಲೈಫ್ ಜಾಕೆಟ್ ಕಟ್ಟಿಕೊಳ್ಳುವುದನ್ನು ಕಲಿಸಿದ್ದರು. ನೇಮಕದ ಆದೇಶಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ಸೋಮವಾರ ಹಾಸನದಿಂದ ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಅಧಿಕಾರಿ ತೇಜಶ್ರೀ ಬರುತ್ತಾರೆ, ದೋಣಿಯಲ್ಲಿ ಒಂದು ಸುತ್ತು ಹೋಗಿ ಬಂದು ಸಹಿ ಹಾಕುತ್ತಾರೆ ಎಂದಾಗಿತ್ತು. ದೋಣಿ ಹೋಗದಿದ್ದರೆ ಅದನ್ನು ಬೇರೆ ತಾಲ್ಲೂಕಿಗೆ ಕಳಿಸುತ್ತಾರೆ. ಮಂಚಯ್ಯನನ್ನು ಎಲ್ಲಿಗೂ ಕಳಿಸುವುದಿಲ್ಲ. ಅವನು ಬಲೆಗೂ ಮರಳುವಂತಿಲ್ಲ.

ಉದ್ಘಾಟನೆಯ ದಿನ ನಡೆದದ್ದು ಇಷ್ಟು. ಹೊಸ ಗಾಡಿಯಾದರೆ ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸುತ್ತಾರೆ. ದೋಣಿಗೆ ಚಕ್ರವಿಲ್ಲ. ಪೂಜೆಗೆ ಬಂದ ಅರ್ಚಕರು ಏನು ಮಾಡುವುದೆಂದು ತಲೆ ಕೆರೆದುಕೊಂಡಾಗ ಪಂಚಾಯಿತಿ ಅಧ್ಯಕ್ಷ ಈಶ್ವರಯ್ಯ ಮುಂದೆ ಬಂದರು.

"ತಿರುಗೋದೆಲ್ಲಾ ಚಕ್ರಾನೇ ಕಣ್ರೀ," ಎಂದು ಮೋಟರಿನ ತುದಿಯ ರೆಕ್ಕೆ ತೋರಿಸಿದರು. "ತೆಂಗಿನ ಸೀಮೇಲಿ ಉಟ್ಬುಟ್ಟು ನಿಂಬೆಹಣ್ಣು ಇಟ್ರೆ ನೋಡ್ದೋರು ನಗಾಕಿಲ್ವಾ? ಕಾಯಿ ಕಟ್ಟಿ. ಮೊದಲ್ನೇ ಸುತ್ತಿಗೇ ಈಡುಗಾಯಿ ಆಗೋಗ್ಲಿ."

"ಅಧ್ಯಕ್ಷ್ರೇ, ರೆಕ್ಕೆಗೆ ಏಟಾಯ್ತದೆ," ಎಂದ ಮಂಚಯ್ಯ.

"ದೇವ್ರ ಕಾಯಿಂದ ಏಟಾಯ್ತದೇನ್ಲಾ? ಸುಮ್ಕೆ ಗೇರ್ ಆಕು."

ಕುಂಕುಮ ಹಚ್ಚಿದ ಕಾಯಿಯನ್ನು ಹಳದಿ ಬಟ್ಟೆಯಲ್ಲಿ ಸುತ್ತಿ, ರೆಕ್ಕೆಗೆ ಅಡ್ಡವಾಗಿ ಈಶ್ವರಯ್ಯ ತಮ್ಮ ಕೈಯಾರೆ ಕಟ್ಟಿದರು. ರೆಕ್ಕೆಯನ್ನು ನೀರಿಗೆ ಇಳಿಸಿದ ಮಂಚಯ್ಯ ಮೋಟರು ಚಾಲು ಮಾಡಿ ಗೇರ್ ಹಾಕಿದ. ನೀರೊಳಗೆ 'ಟಕ್' ಎಂದಿತು. ಕಾಯಿ ಒಡೆಯಿತೆಂದು ಜನ ಚಪ್ಪಾಳೆ ತಟ್ಟಿದರು. ಮೋಟರು ಜೋರಾಗಿ ಮೊರೆಯಿತು. ದೋಣಿ ಗಾಳಿ ಬೀಸುವವರೆಗೆ ನಿಂತಲ್ಲೇ ನಿಂತಿತ್ತು. ಪ್ರಸಾದದ ಚೂರುಗಳನ್ನು ಬೇರೆ ಕಾಯಿ ಒಡೆದು ಹಂಚಿದ್ದರಿಂದ ಮೊದಲನೆಯ ಕಾಯಿಯ ಚೂರು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಪಂಪ್‌ಸೆಟ್ ಮೆಕ್ಯಾನಿಕ್ ಪಾಲಾಕ್ಷ ಬಂದ.

"ಈ ಓಬಳೀಲಿ ನಾನು ಬಿಚ್ಚದ ಮೋಟ್ರೇ ಇಲ್ಲ ಕಣ್ಲಾ."

"ಬಿಚ್ಚಿರೋದು ನಂಗೂ ಗೊತ್ತು ಪಾಲಾಕ್ಷಣ್ಣ. ಜೋಡ್ಸಿರೋದು ಎಷ್ಟು?"

ಪಾಲಾಕ್ಷ ಸ್ಪಾರ್ಕ್ ಪ್ಲಗ್ ಬದಲಿಸಿದ. ಕಾರ್ಬುರೇಟರ್ ಬಿಚ್ಚಿ ತೊಳೆದ. ಪೆಟ್ರೋಲನ್ನು ಬಟ್ಟೆಯಲ್ಲಿ ಸೋಸಿದ. ಮೋಟರು ಮೊದಲೂ ಒಂದೇ ಎಳೆತಕ್ಕೆ ಚಾಲು ಆಗುತ್ತಿತ್ತು, ಈಗಲೂ ಒಂದೇ ಎಳೆತಕ್ಕೆ ಚಾಲು ಆಯಿತು. ದೋಣಿ ಮೊದಲೂ ಹೋಗುತ್ತಿರಲಿಲ್ಲ, ಈಗಲೂ ಹೋಗಲಿಲ್ಲ.

ಹನ್ನೊಂದು ಗಂಟೆಗೆ ಕಿರಿಯ ಎಂಜಿನಿಯರ್ ಶಶಿಕಿರಣ್ ಬಂದರು. ಉದ್ಘಾಟನೆಗೆ ಮೊದಲು ದೋಣಿ ಸುಸ್ಥಿತಿಯಲ್ಲಿದೆ ಎಂದು ಸಹಿ ಹಾಕಿದ್ದವರು ಅವರೇ. ದೋಣಿಯಲ್ಲಿ ಐದು ಜನ ಕೂತಿದ್ದನ್ನು ಕಂಡು, "ಲೋಡ್ ಜಾಸ್ತಿ," ಎಂದರು. ಇಬ್ಬರನ್ನು ಇಳಿಸಲಾಯಿತು. ದೋಣಿ ಹೋಗಲಿಲ್ಲ. ಇನ್ನಿಬ್ಬರು ಇಳಿದರು. ಹೋಗಲಿಲ್ಲ. ಕೊನೆಗೆ ಮಂಚಯ್ಯನನ್ನೂ ಇಳಿಸಿದರು. ಮೋಟರು ಮೊರೆಯುತ್ತಿದ್ದ ಖಾಲಿ ದೋಣಿಯನ್ನು ಎಲ್ಲರೂ ಸೊಂಟದ ಮಟ್ಟದ ನೀರಿನಲ್ಲಿ ನಿಂತು ನೋಡಿದರು.

"ಇನ್ನೇನು ಇಳಿಸಾನ ಸಾ? ಮೋಟರು ಒಂದು ಉಳ್ಕಂಡದೆ," ಎಂದ ಪಾಲಾಕ್ಷ.

ಶಶಿಕಿರಣ್ ಒಂದು ವಿಡಿಯೊ ತೆಗೆದು ಇಲಾಖೆಯ ವಾಟ್ಸಾಪ್ ಗುಂಪಿಗೆ ಕಳಿಸಿದರು. ಏಳು ಮಂದಿ ಹೆಬ್ಬೆರಳು ಎತ್ತಿದರು. ಎಂಟನೆಯವರು ತೇಜಶ್ರೀ. ಅವರು ಹೆಬ್ಬೆರಳು ಎತ್ತಲಿಲ್ಲ. ದೋಣಿ ಏಕೆ ಚಲಿಸುತ್ತಿಲ್ಲ, ಹೊಣೆ ಯಾರದು, ಸೋಮವಾರದೊಳಗೆ ಲಿಖಿತ ವರದಿ ಬೇಕು ಎಂದು ಬರೆದರು.

ಊಟಕ್ಕೆ ಎಲ್ಲರೂ ಹೆದ್ದಾರಿಯ ಹೋಟೆಲಿಗೆ ಹೋದಾಗ ಮಂಚಯ್ಯ ದೋಣಿಯ ಬಳಿಯೇ ಉಳಿದ. ಅಷ್ಟರಲ್ಲಿ ಜೊಂಡಿನ ನಡುವೆ ಹಳದಿ ಬಣ್ಣದ್ದೇನೋ ಕಂಡಿತು. ಇಳಿದು ಎತ್ತಿ ತಂದ. ಅಧ್ಯಕ್ಷರು ಕಟ್ಟಿದ ಕಾಯಿ. ಬಟ್ಟೆ ಹರಿದಿತ್ತು, ಒಂದು ಕಡೆ ರೆಕ್ಕೆ ತಾಗಿದ ಗೀರು ಇತ್ತು. ಉಳಿದಂತೆ ಕಾಯಿ ಇಡಿಯಾಗಿತ್ತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗಿನ ನೀರೂ ಹಾಗೇ ಇತ್ತು.

ಹಾಗಾದರೆ 'ಟಕ್' ಎಂದದ್ದು ಯಾವುದು?

ಮೋಟರಿನ ತಳವನ್ನು ಮೇಲಕ್ಕೆ ಎತ್ತಿ, ಗೇರ್ ಹಾಕಿಟ್ಟು, ರೆಕ್ಕೆಯನ್ನು ಕೈಯಿಂದ ತಿರುಗಿಸಿದ. ಸಲೀಸಾಗಿ ತಿರುಗಿತು. ಊಟ ಮುಗಿಸಿ ಬಂದ ಪಾಲಾಕ್ಷ ಅದನ್ನು ನೋಡಿ, "ಎಂಗೆ ಬೆಣ್ಣೆಯಂಗೆ ತಿರುಗ್ತದೆ ನೋಡು. ರೆಕ್ಕೇಲಿ ಏನೂ ದೋಷ ಇಲ್ಲ," ಎಂದ.

"ಅದೇ ದೋಷ ಕಣಣ್ಣ. ನಿನ್ ಬೈಕು ಗೇರಲ್ಲಿ ನಿಲ್ಸಿ ತಳ್ಳು, ಚಕ್ರ ಇಂಗೆ ತಿರುಗ್ತದಾ?"

ಪಾಲಾಕ್ಷ ತಾನೇ ರೆಕ್ಕೆಯನ್ನು ಒಮ್ಮೆ ತಿರುಗಿಸಿ ನೋಡಿದ. ಆಮೇಲೆ ಇಕ್ಕಳ ತೆಗೆದುಕೊಟ್ಟ.

ರೆಕ್ಕೆ ಬಿಚ್ಚಿದಾಗ, ಅದನ್ನು ದಂಡಕ್ಕೆ ಹಿಡಿದಿಡುವ ಬೆರಳುದ್ದದ ಹಿತ್ತಾಳೆ ಪಿನ್ನು ಮೂರು ತುಂಡಾಗಿ ಕೈಗೆ ಬಂತು. ದಂಡ ಒಳಗೆ ತಿರುಗುತ್ತಿತ್ತು. ರೆಕ್ಕೆಗೆ ಅದರ ಸಂಬಂಧವೇ ಇರಲಿಲ್ಲ. ಮೋಟರಿನ ಜೊತೆ ಬಂದಿದ್ದ ಪುಸ್ತಕದಲ್ಲಿ ಈ ಪಿನ್ನಿನ ಚಿತ್ರವಿತ್ತು. ಬದಲಿ ಪಿನ್ನು ಎರಡು ಮೋಟರಿನ ಮುಚ್ಚಳದ ಒಳಮೈಗೇ ಸಿಕ್ಕಿಸಿದ್ದರು. ಎರಡು ದಿನದಲ್ಲಿ ಆ ಮುಚ್ಚಳವನ್ನು ಹನ್ನೊಂದು ಸಲ ತೆಗೆದಿದ್ದರು. ಒಳಮೈ ನೋಡಿರಲಿಲ್ಲ.

ಅದರಲ್ಲೊಂದು ಪಿನ್ನು ಹಾಕಿದ ಮೇಲೆ, ಸಂಜೆ ಐದು ಇಪ್ಪತ್ತಕ್ಕೆ ದೋಣಿ ಕೆರೆಯ ತೂಬಿನವರೆಗೆ ಹೋಗಿ ಹಿಂದಿರುಗಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ವರದಿ ಬಾಕಿಯಿತ್ತು. ಭಾನುವಾರ ಪಂಚಾಯಿತಿ ಕಚೇರಿಯಲ್ಲಿ ಅದನ್ನು ಬರೆಯಲು ಕೂತರು. 'ಕಾರಣ' ಎಂಬ ಕಡೆ ತೆಂಗಿನಕಾಯಿ ಎಂದು ಬರೆಯುವಂತಿರಲಿಲ್ಲ, ಕಟ್ಟಿದವರು ಅಧ್ಯಕ್ಷರು. ಪರಿಶೀಲನೆಯ ಲೋಪ ಎಂದೂ ಬರೆಯುವಂತಿರಲಿಲ್ಲ, ಪರಿಶೀಲಿಸಿದವರು ಶಶಿಕಿರಣ್, ಬರೆಯುತ್ತಿದ್ದವರೂ ಅವರೇ.

"ಪಿನ್ನು ಕಳಪೆ ಅಂತ ಬರೀಲಾ?"

"ಕಳಪೆ ಅಲ್ಲ ಸಾ," ಎಂದ ಪಾಲಾಕ್ಷ. ಅವನು ರಾತ್ರಿಯೆಲ್ಲಾ ಆ ಪುಸ್ತಕ ಓದಿದ್ದ. "ಮುರೀಲಿ ಅಂತ್ಲೇ ಮಾಡಿರೋದು. ಅದು ಮುರೀದಿದ್ರೆ ಒಳಗಿನ ಗೇರೇ ಓಗೋದು."

ಈಶ್ವರಯ್ಯ ತಲೆದೂಗಿದರು. "ದೊಡ್ಡದು ಉಳೀಲಿ ಅಂತ ಚಿಕ್ಕದು ಮುರೀತದೆ. ಒಳ್ಳೆ ಏರ್ಪಾಟು."

ಹೀಗೆ ಹೇಳುತ್ತಾ ಅವರು ಮಂಚಯ್ಯನನ್ನು ನೋಡಿದರು. ಶಶಿಕಿರಣ್ ಕೂಡ ನೋಡಿದರು. ಹತ್ತು ನಿಮಿಷದಲ್ಲಿ ವರದಿ ಸಿದ್ಧವಾಯಿತು: 'ಚಾಲಕನು ಅಜಾಗರೂಕತೆಯಿಂದ ಗೇರ್ ಹಾಕಿದ ಕಾರಣ.'

"ಒಂದು ಸೈನ್ ಆಕ್ಬುಡ್ಲಾ ಮಂಚ," ಎಂದರು ಈಶ್ವರಯ್ಯ. "ಆಮೇಲೆ ನಾನು ನೋಡ್ಕತೀನಿ."

"ಸೈನ್ ಆಕುದ್ರೆ ನಾಳೆ ಆರ್ಡರ್ ಕೊಡ್ತಾರಾ ಅಧ್ಯಕ್ಷ್ರೇ?"

"ಅಜಾಗರೂಕತೆ ಅಂದ್ಮೇಲೆ... ಈ ಸಲ ಕಷ್ಟ. ಮುಂದಿನ ಸಲ ನೋಡಾನ."

"ನಾಳೆ ಬಂದು ಆಕ್ತೀನಿ," ಎಂದು ಮಂಚಯ್ಯ ಎದ್ದ.

ಸೋಮವಾರ ಹನ್ನೊಂದು ಗಂಟೆಗೆ ತೇಜಶ್ರೀ ಬಂದರು. ಲೈಫ್ ಜಾಕೆಟ್ ಕಟ್ಟಿಕೊಂಡು ದೋಣಿಯಲ್ಲಿ ಕೂತರು. ಎದುರು ಈಶ್ವರಯ್ಯ, ಪಕ್ಕದಲ್ಲಿ ಶಶಿಕಿರಣ್, ಅವರ ಕೈಯಲ್ಲಿ ಸಹಿಗೆ ಜಾಗ ಬಿಟ್ಟ ವರದಿ. ಮಂಚಯ್ಯ ಮೋಟರಿನ ಬಳಿ ನಿಂತು ಕೈಮುಗಿದ.

"ಮೇಡಂ, ಶುಕ್ರವಾರ ಅಧ್ಯಕ್ಷ್ರು ಮಾಡ್ದಂಗೇ ಇವತ್ತೂ ಪೂಜೆ ಮಾಡ್ಕಂಡೇ ಒರಡಾನ. ಎಲ್ಲಾ ತಂದೀವ್ನಿ."

"ಆಗಲಿ, ಬೇಗ ಮಾಡಿ," ಎಂದರು ಅವರು.

ಮಂಚಯ್ಯ ಚೀಲದಿಂದ ಹಳದಿ ಬಟ್ಟೆ ಸುತ್ತಿದ ಕಾಯಿ ತೆಗೆದ. ಅದೇ ಕಾಯಿ, ಅದೇ ಗೀರು. ಮೋಟರನ್ನು ಎತ್ತಿ, ನಿಧಾನವಾಗಿ, ರೆಕ್ಕೆಗೆ ಅಡ್ಡವಾಗಿ ಕಟ್ಟತೊಡಗಿದ. ಒಂದು ಗಂಟು ಹಾಕಿದ. ಎರಡನೆಯ ಗಂಟಿಗೆ ಬಟ್ಟೆ ಎಳೆದ.

"ಬ್ಯಾಡ ಕಣ್ಲಾ!" ಈಶ್ವರಯ್ಯ ಎದ್ದು ನಿಂತ ರಭಸಕ್ಕೆ ದೋಣಿ ವಾಲಿತು. "ಅದ ಕಟ್ಟುದ್ರೆ ಪಿನ್ನು ಮುರಿದೋಯ್ತದೆ!"

ಕೆರೆಯ ಮೇಲೆ ನೀರುಕೋಳಿಯೊಂದು ಕೂಗಿತು. ತೇಜಶ್ರೀ ಕಾಯಿಯನ್ನು ನೋಡಿದರು, ಅದರ ಮೇಲಿನ ಗೀರನ್ನು ನೋಡಿದರು, ಕೊನೆಗೆ ಅಧ್ಯಕ್ಷರನ್ನು ನೋಡಿದರು.

"ಮುರಿಯುತ್ತೆ ಅಂತ ನಿಮಗೆ ಹೇಗೆ ಗೊತ್ತು?"

ಈಶ್ವರಯ್ಯ ಮೆಲ್ಲಗೆ ಮತ್ತೆ ಕೂತರು. ಶಶಿಕಿರಣ್ ವರದಿಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. ಮಂಚಯ್ಯ ಹಾಕಿದ್ದ ಗಂಟನ್ನು ಬಿಚ್ಚಿ, ಕಾಯಿಯನ್ನು ಅಧ್ಯಕ್ಷರ ಮಡಿಲಲ್ಲಿ ಇಟ್ಟು, ಮೋಟರು ಚಾಲು ಮಾಡಿದ. ತೂಬಿನವರೆಗೆ ಹೋಗಿ ಬರಲು ಹದಿನಾಲ್ಕು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಈಶ್ವರಯ್ಯ ಕಾಯಿಯನ್ನು ಮಗುವಿನಂತೆ ಹಿಡಿದುಕೊಂಡಿದ್ದರು.

ಆದೇಶಕ್ಕೆ ದಡದಲ್ಲೇ ಸಹಿ ಬಿತ್ತು. ವರದಿಯನ್ನು ಹೊಸದಾಗಿ ಬರೆದರು: 'ಉದ್ಘಾಟನೆಯ ವಿಧಿವಿಧಾನಗಳ ಸಂದರ್ಭದಲ್ಲಿ ಉಂಟಾದ ಅಡಚಣೆ.' ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಕಾಯಿಯದೂ ಇರಲಿಲ್ಲ.

ಚಾಲಕನಾಗಿ ಮಂಚಯ್ಯ ಬರೆದ ಮೊದಲ ಅರ್ಜಿ ಪಿನ್ನಿಗಾಗಿ. ಹತ್ತು ಬೇಕು ಎಂದು ಕೇಳಿದ್ದ. ಒಂದು ಇರುವಾಗ ಹತ್ತೇಕೆ, ಕಾರಣ ನಮೂದಿಸಿ ಎಂದು ಶಶಿಕಿರಣ್ ಅರ್ಜಿ ವಾಪಸು ಕಳಿಸಿದರು. ಮಂಚಯ್ಯ ಕಾರಣ ನಮೂದಿಸಿದ: 'ಮುಂದಿನ ತಿಂಗಳು ಆಯುಧಪೂಜೆ ಇದೆ.'